ಹುಣಸೆಯ ಬೀಜವೂ ಮೊದಲ ಪಾಠವೂ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ವಿದ್ಯಾ ಇಲಾಖೆಯ ಏರ್ಪಾಟಿನಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದುಗೂಡಿವೆ. ಮಳೆ ಕಡಮೆಯಾದ ಸೀಮೆಯಿದು. ಕಲ್ಲುಬೆಟ್ಟ, ಕಡಲೆಕಾಯಿಯ ಹೊಲ, ಹುಣಸೆಯ ಮರ. ಹಣ್ಣು ಕುಟ್ಟುವ ಕಾಲದಲ್ಲಿ ಜಗಲಿಗಳ ಮೇಲೆ ಹುಣಸೆಬೀಜದ ರಾಶಿ ಬೀಳುತ್ತದೆ. ಎಳೆಯರ ವಿದ್ಯೆಗೆ ಆ ರಾಶಿಗಿಂತ ಒಳ್ಳೆಯ ಸಾಮಗ್ರಿ ದುರ್ಲಭವೆಂದರೆ ಪಟ್ಟಣವಾಸಿಗಳಾದ ತಾವು ನಗಬಾರದು.

ಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ಕವಡೆಯಾಯಿತು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಐದೈದರಂತೆ ತುಂಬಿದರೆ 70 ಬೀಜ. ಗುಳಿಗೊಂದರಂತೆ ಬಿಡುತ್ತ ಸುತ್ತು ಬರುವ ಮಗುವಿನ ಬೆರಳೇ ಎಣಿಕೆಯನ್ನು ಕಲಿಯುತ್ತದೆ. ಐದು ಬೀಜಗಳನ್ನು ಒತ್ತಾಗಿ ಒಂದು ಸಾಲಿನಲ್ಲಿಯೂ, ಐದನ್ನು ವಿರಳವಾಗಿ ಇನ್ನೊಂದು ಸಾಲಿನಲ್ಲಿಯೂ ಇಟ್ಟು, ಯಾವುದು ಹೆಚ್ಚೆಂದು ನಾಲ್ಕೈದು ವರ್ಷದ ಮಗುವನ್ನು ಕೇಳಿ ನೋಡಿರಿ. ಉದ್ದದ ಸಾಲನ್ನೇ ತೋರಿಸುವ ಮಕ್ಕಳು ಬಹಳ. ಸ್ವಿಟ್ಜರ್ಲೆಂಡಿನ ಪಂಡಿತ ಪಿಯಾಜೆ ಇದನ್ನು ವಿಸ್ತಾರವಾಗಿ ಪರೀಕ್ಷಿಸಿದನು. ಎರಡೂ ಐದೇ ಎಂದು ನಾವು ನೂರು ಸಲ ಹೇಳಿದರೂ ಅದು ಬರಿಯ ಮಾತು. ಮಗು ತಾನೇ ಸರಿಸಿ, ತಾನೇ ಕೂಡಿಸಿ, ಮತ್ತೆ ಹರಡಿ ನೋಡಬೇಕು. ಅದಕ್ಕೆ ಕಾಲ ಬೇಕು. (ಮೂರು ವರ್ಷದೊಳಗಿನ ಕೂಸುಗಳ ಕೈಗೆ ಮಾತ್ರ ಬೀಜವನ್ನು ಕೊಡಕೂಡದು, ಅದು ಬಾಯಿಗೋ ಮೂಗಿಗೋ ಹೋಗುವುದು ನಿಶ್ಚಯ.)

ಈ ಮಾತು ಹೊಸದಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬಾಲರ ಶಾಲೆಯನ್ನು ತೆರೆದು ಮರದ ಗುಂಡು, ಘನಗಳನ್ನು ಮಕ್ಕಳ ಕೈಗೆ ಕೊಟ್ಟನು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ನಡೆಸಿದ ಮಾಂಟೆಸ್ಸೋರಿಯವರು 1939ರಲ್ಲಿ ನಮ್ಮ ದೇಶಕ್ಕೆ ಬಂದು, ಯುದ್ಧದ ದೆಸೆಯಿಂದ 1946ರವರೆಗೆ ಇಲ್ಲಿಯೇ ನಿಂತರು. ಅವರ ಹೆಸರಿನ ಫಲಕವನ್ನು ಹೊತ್ತ ಶಾಲೆಗಳಲ್ಲಿ ಇಂದು ನಾಲ್ಕು ವರ್ಷದ ಮಗುವಿಗೆ ಪುಟಗಟ್ಟಲೆ ಬರೆವಣಿಗೆ ಕೊಡುವುದೂ ಉಂಟು! ನಮ್ಮ ಕೂಲಿಮಠದ ಅಯ್ಯನವರಾದರೂ ಮರಳ ಮೇಲೆ ಬೆರಳಾಡಿಸಲು ಬಿಡುತ್ತಿದ್ದರು.

ಪಾವಗಡದಲ್ಲಿ ಇನ್ನೊಂದು ವಿಶೇಷವುಂಟು. ಆಂಧ್ರದ ನೆಲದಿಂದ ಬಹುಪಾಲು ಸುತ್ತುವರಿದ ಆ ತಾಲ್ಲೂಕಿನ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕೇಳುವುದು ಕನ್ನಡ. ಮೂರು ಬೀಜಗಳನ್ನು ಅಂಗೈಯಲ್ಲಿ ಹಿಡಿದ ಮಗು 'ಮೂಡು' ಎಂದರೂ ಸರಿಯೇ, 'ಮೂರು' ಎಂದರೂ ಸರಿಯೇ. ಬರಿಯ ಬಾಯಿಪಾಠದಲ್ಲಿ ಅದೇ ಮಗು ಮಂಕೆನಿಸಿಕೊಳ್ಳುತ್ತದೆ. ಮೊದಲ ವರ್ಷವೇ ಹಾಗೆನಿಸಿಕೊಂಡವರು ಮುಂದೆ ಶಾಲೆಯನ್ನು ಬಿಡುವ ಭಯ ಹೆಚ್ಚು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯು ಈ ತತ್ತ್ವದ್ದೇ. ಮಕ್ಕಳು ಗುಂಪುಗೂಡಿ ನೆಲದ ಮೇಲೆ ಕೂರುತ್ತಾರೆ; ತಂತಮ್ಮ ವೇಗದಲ್ಲಿ ಮೆಟ್ಟಿಲೇರುತ್ತಾರೆ; ತಲೆಯ ಮೇಲಿನ ಚಪ್ಪರದಲ್ಲಿ ಅವರದೇ ಚಿತ್ರಗಳು ತೂಗುತ್ತವೆ. ಏರ್ಪಾಟು ಮೆಚ್ಚತಕ್ಕದ್ದು. ಆದರೆ ಕಾರ್ಡಿನ ಮೇಲಿರುವುದು ಬೀಜದ ಚಿತ್ರ, ಬೀಜವಲ್ಲ. ಕಾರ್ಡನ್ನು ಮುಗಿಸುವುದೇ ಗುರಿಯಾದರೆ ಅದೂ ಇನ್ನೊಂದು ಬಾಯಿಪಾಠ.

ಯಾವುದಾದರೂ ಹಳ್ಳಿಯ ಶಾಲೆಗೆ ತಾವು ಹೋದಲ್ಲಿ ಬೀಜದ ಡಬ್ಬಿ ಎಲ್ಲಿದೆಯೆಂದು ನೋಡಿರಿ. ಬೀರುವಿನೊಳಗೆ ಬೀಗದಲ್ಲಿದ್ದರೆ ಉಪಾಧ್ಯಾಯರೊಡನೆ ವಿನಯದಿಂದ ಎರಡು ಮಾತನಾಡಿರಿ. ನೆಲದ ಮೇಲೆ ಚೆಲ್ಲಿದ್ದರೆ ಕಾಲಿಟ್ಟೀರಿ, ನೋಡಿ ನಡೆಯಿರಿ.