‘ನೋಡೋಣ ಸಾರ್’ ಅನ್ನೋದು ಬಿಡೋಣ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ, ಜಡೆ ಕಡೆಯಿಂದೆಲ್ಲ ಬಸ್ಸು ಹಿಡಿದು ಬಂದಿದ್ದೀರಿ. ಕೆಲವರು ಇವತ್ತಿನ ಕೂಲಿ ಬಿಟ್ಟು ಬಂದಿದ್ದೀರಿ ಅನ್ನೋದೂ ನಮಗೆ ಗೊತ್ತು. ಅದಕ್ಕೇ ಹಾರ ತುರಾಯಿ ಏನೂ ಬೇಡ, ನೇರ ವಿಷಯಕ್ಕೆ ಬರ್ತೀವಿ.

ಹಾಸ್ಟೆಲುಗಳಿಗೆ ಹೋದಾಗ ನಾವು ಒಂದು ಪ್ರಶ್ನೆ ಕೇಳ್ತೀವಿ. ‘ಮುಂದೆ ಏನಪ್ಪ ಮಾಡ್ತೀಯ?’ ಬಹಳ ಜನ ತಲೆ ತಗ್ಗಿಸಿ ‘ನೋಡೋಣ ಸಾರ್’ ಅಂತಾರೆ. ಇನ್ನು ಕೆಲವರು ‘ಏನಾದರೂ ಒಂದು ಕೆಲಸ ಸಾರ್’ ಅಂತಾರೆ. ಇದನ್ನ ಕೇಳಿ ಮೇಲ್ಜಾತಿಯ ಮೇಷ್ಟ್ರುಗಳು ‘ಈ ಹುಡುಗರಿಗೆ ಗುರಿಯೇ ಇಲ್ಲ’ ಅಂತ ನಗ್ತಾರೆ. ನಗುವವರಿಗೆ ಚರಿತ್ರೆ ಗೊತ್ತಿಲ್ಲ.

ನಾಳೆ ಏನು ಮಾಡಬೇಕು ಅಂತ ತೀರ್ಮಾನ ಮಾಡುವ ಅಧಿಕಾರ ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಜೀತಕ್ಕಿದ್ದವನ ನಾಳೆ ಒಡೆಯನ ಕೈಯಲ್ಲಿತ್ತು. ಬೆಳಗ್ಗೆ ಎದ್ದು ಒಡೆಯನ ಹಟ್ಟಿಗೆ ಹೋದಮೇಲೇ ಅವತ್ತಿನ ಕೆಲಸ ಯಾವುದು ಅಂತ ತಿಳೀತಿತ್ತು. ಊರಿನಲ್ಲಿ ಲೆಕ್ಕ ಬರೆಯುವ ಶಾನುಭೋಗಿಕೆ ಒಂದು ಜಾತಿಗೆ ವಂಶಪಾರಂಪರ್ಯ, ತೋಟಿಕೆ ನಮಗೆ ವಂಶಪಾರಂಪರ್ಯ. ಅವರ ಮಗು ಹುಟ್ಟಿದಾಗಲೇ ಅದರ ಕೈಗೆ ಲೇಖನಿ ಬಂದಿರುತ್ತಿತ್ತು, ನಮ್ಮ ಮಗುವಿನ ಕೈಗೆ ತಮಟೆ. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಜೀತ ರದ್ದಾದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ, ಆಮೇಲೆ 1976ರ ಕಾಯ್ದೆಯಿಂದ. ಅಂದರೆ ‘ನನ್ನ ನಾಳೆ ನನ್ನದು’ ಅಂತ ಕಾಗದದ ಮೇಲಾದರೂ ಹೇಳೋ ಹಕ್ಕು ನಮಗೆ ಬಂದು ಎರಡು ತಲೆಮಾರು ಆಗಿದೆ, ಅಷ್ಟೆ. ‘ನೋಡೋಣ’ ಅನ್ನೋ ಮಾತು ಸೋಮಾರಿಯ ಮಾತಲ್ಲ. ಅದು ಜೀತದಾಳು ಬಿಟ್ಟುಹೋದ ಮಾತು. ಗುರಿ ಇಟ್ಟುಕೊಳ್ಳೋದು ಅಂದರೆ ನಮ್ಮಂಥವರಿಗೆ ಬರೀ ಉದ್ಯೋಗದ ಪ್ರಶ್ನೆ ಅಲ್ಲ, ನಾಳೆಯನ್ನ ಒಡೆಯನ ಕೈಯಿಂದ ಬಿಡಿಸಿಕೊಳ್ಳೋ ಪ್ರಶ್ನೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲಿನ ಕಂಬ ಇದೆ. ಓದಲಿಕ್ಕೆ ಅಂತ ಗುರುವಿನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆಯವನೊಬ್ಬನ ಜೊತೆ ಜಗಳವಾಗಿ, ಅವಮಾನ ತಾಳಲಾರದೆ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಅಂತ ಅದರಲ್ಲಿ ಕೆತ್ತಿದ್ದಾರೆ. ಒಂದೇ ಒಂದು ಅವಮಾನಕ್ಕೆ ಒಂದು ರಾಜ್ಯ, ಒಂದು ಶಾಸನ! ನಮಗೆ ದಿನಕ್ಕೆ ಎಷ್ಟು ಅವಮಾನ ಆಗಿದೆಯೋ, ಅದನ್ನೆಲ್ಲ ಕೆತ್ತಲಿಕ್ಕೆ ಹೊರಟರೆ ಮಲೆನಾಡಿನ ಬಂಡೆಗಳು ಸಾಲೋದಿಲ್ಲ. ಆದರೂ ಆ ಕಂಬವನ್ನ ಒಮ್ಮೆ ಹೋಗಿ ನೋಡಿ ಬನ್ನಿ. ಸಿಟ್ಟು ಬಂದವನು ಸಿಟ್ಟಿನಲ್ಲೇ ನಿಲ್ಲಲಿಲ್ಲ, ಮುಂದಿನ ಕೆಲಸ ಏನು ಅಂತ ಯೋಚಿಸಿದ. ಅಷ್ಟು ಕಲಿತರೆ ಸಾಕು. ಘಟಿಕಾಸ್ಥಾನದ ಬಾಗಿಲು ನಮಗೆ ತೆರೆದಿರಲಿಲ್ಲ ಅನ್ನೋದನ್ನ ಮರೀಬೇಡಿ.

‘ಯೋಜನೆ ಮಾಡೋದು ನಮಗೆ ಬರೋದಿಲ್ಲ’ ಅಂತ ಯಾರಾದರೂ ಅಂದರೆ ನಾವು ಒಪ್ಪೋದಿಲ್ಲ. ನಿಮ್ಮ ಅವ್ವನನ್ನ ನೋಡಿ. ಹರಕೆ ಹೊತ್ತಳು ಅಂದರೆ ಜಾತ್ರೆ ಯಾವತ್ತು ಅಂತ ಅವಳಿಗೆ ಗೊತ್ತು. ವರ್ಷದ ಮೊದಲೇ ಕೋಳಿ ಮರಿ ಬಿಡ್ತಾಳೆ, ಕೂಲಿ ದುಡ್ಡಿನಲ್ಲಿ ಐದು ಹತ್ತು ಸೆರಗಿಗೆ ಕಟ್ಟಿಡ್ತಾಳೆ, ಬರುವ ನೆಂಟರನ್ನ ಲೆಕ್ಕ ಹಾಕ್ತಾಳೆ, ಏನೇ ಆದರೂ ಆ ದಿನ ತಪ್ಪಿಸೋದಿಲ್ಲ. ಗುರಿ, ಗಡುವು, ಉಳಿತಾಯ, ಶಿಸ್ತು ಎಲ್ಲಾ ಅದರಲ್ಲೇ ಇದೆ. ಆದರೆ ಅಷ್ಟೂ ಹೋಗಿ ಬೀಳೋದು ಗುಡಿಯ ಮುಂದೆ. ಇದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆಯ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳು ಬೆತ್ತಲೆ ಸೇವೆ ಮಾಡ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು ಅವರನ್ನೇ ಬೆತ್ತಲೆ ಮಾಡಿತು. ದೇಶವೆಲ್ಲಾ ಛೀ ಅಂದಮೇಲೆ ಸರ್ಕಾರ ನಿಷೇಧ ತಂದಿತು. ಹೆಣ್ಣುಮಗಳ ಬದುಕಿನ ಗುರಿಯನ್ನ ಬೇರೆಯವರು ಗೊತ್ತು ಮಾಡಿದರೆ ಅದು ಎಲ್ಲಿಗೆ ಮುಟ್ಟುತ್ತೆ ಅನ್ನೋದನ್ನ ಈ ನೆಲ ಕಣ್ಣಾರೆ ಕಂಡಿದೆ. ತಂಗಿಯರೇ, ಪಿಯುಸಿ ಮುಗಿಯೋ ಮೊದಲೇ ‘ಗಂಡು ಬಂದಿದೆ’ ಅನ್ನೋ ಮಾತೂ ಬೇರೆಯವರು ಇಟ್ಟ ಗುರಿಯೇ. ಅದಕ್ಕೆ ಎದುರು ಹೇಳಬೇಕಾದರೆ ‘ನನಗೆ ಓದಬೇಕು’ ಅಂದರೆ ಸಾಲದು. ಏನು ಓದ್ತೀನಿ, ಎಷ್ಟು ವರ್ಷ, ಎಲ್ಲಿ ಇರ್ತೀನಿ, ದುಡ್ಡು ಎಲ್ಲಿಂದ ಬರುತ್ತೆ ಅಂತ ಅಪ್ಪನ ಮುಂದೆ ಲೆಕ್ಕ ಇಡಬೇಕು. ಲೆಕ್ಕ ಇಟ್ಟ ಮಗಳ ಮಾತನ್ನ ತಳ್ಳಿಹಾಕೋದು ಅಪ್ಪನಿಗೂ ಕಷ್ಟ.

ಇನ್ನು ಬಾಬಾಸಾಹೇಬರ ವಿಷಯ. ಅವರ ಫೋಟೋಕ್ಕೆ ಹಾರ ಹಾಕ್ತೀವಿ, ಜೈಕಾರ ಹಾಕ್ತೀವಿ, ಅವರು ಓದಿದ್ದು ಹೇಗೆ ಅನ್ನೋ ಲೆಕ್ಕ ಮಾತ್ರ ಕೇಳೋದಿಲ್ಲ. ಇವತ್ತು ಅದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡು, ಅವಧಿ ಮೂರು ವರ್ಷ. ಅದರಲ್ಲೇ ಮನೆಗೂ ಕಳಿಸಬೇಕಿತ್ತು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ಶಾಲೆಗೂ, ಬ್ಯಾರಿಸ್ಟರಿಕೆಗೆ ಗ್ರೇಸ್ ಇನ್ನಿಗೂ ಸೇರಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನ ಮುಗಿಯಿತು. 1917ರಲ್ಲಿ ಓದು ಅರ್ಧಕ್ಕೆ ನಿಲ್ಲಿಸಿ ವಾಪಸು ಬರಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ ಪುಸ್ತಕಗಳು ಯುದ್ಧದಲ್ಲಿ ಸಮುದ್ರದ ಪಾಲಾದವು. ಬರೋಡದಲ್ಲಿ ನೌಕರಿಗೆ ಹೋದರೆ ಇರಲಿಕ್ಕೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು.

ನಮ್ಮಲ್ಲಿ ಯಾರಾದರೂ ಆಗಿದ್ದರೆ ‘ಹಣೆಬರಹ’ ಅಂತಿದ್ದೆವು. ಎಂ.ಎ. ಆಗಿದೆಯಲ್ಲ, ಸಾಕು ಅಂತಿದ್ದೆವು. ಅವರು ಹಾಗನ್ನಲಿಲ್ಲ. ಲಂಡನ್ ಬಿಡೋ ಮೊದಲೇ ಒಂದು ಕೆಲಸ ಮಾಡಿದ್ದರು. ನಾಲ್ಕು ವರ್ಷದೊಳಗೆ ವಾಪಸು ಬಂದು ಓದು ಮುಂದುವರಿಸಲಿಕ್ಕೆ ವಿಶ್ವವಿದ್ಯಾಲಯದಿಂದ ಅನುಮತಿ ತಗೊಂಡಿದ್ದರು. ಗಮನಿಸಿ, ದುಡ್ಡಿಲ್ಲ, ಕೆಲಸ ಗ್ಯಾರಂಟಿ ಇಲ್ಲ, ಆದರೆ ಕೈಯಲ್ಲಿ ಗಡುವು ಇದೆ. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳ ಬಂತು ಅಂತ ಮನೆ ದೊಡ್ಡದು ಮಾಡಲಿಲ್ಲ, ಚಾಳಿನಲ್ಲೇ ಇದ್ದು ಉಳಿಸಿದರು. ಅದೂ ಸಾಲದಾದಾಗ ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಅವರಿಂದ ಸಾಲ. 1920ರಲ್ಲಿ, ಗಡುವು ಮುಗಿಯೋ ಮೊದಲು, ಮತ್ತೆ ಲಂಡನ್ನಿನಲ್ಲಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಕೂತು ಓದಿದರು. 1921ರಲ್ಲಿ ಎಂ.ಎಸ್ಸಿ. ಡಿ.ಎಸ್ಸಿ.ಗೆ ಕೊಟ್ಟ ಪ್ರಬಂಧವನ್ನ ಪರೀಕ್ಷಕರು ತಿದ್ದಿಕೊಡಿ ಅಂತ ವಾಪಸು ಕೊಟ್ಟರು. ತಿದ್ದಿಕೊಟ್ಟು 1923ರಲ್ಲಿ ಅದನ್ನೂ ಪಡೆದರು. ಇದು ಪವಾಡ ಅಲ್ಲ ಗೆಳೆಯರೇ, ಇದು ಲೆಕ್ಕಾಚಾರ. ಪವಾಡ ಅಂದುಬಿಟ್ಟರೆ ನಮಗೆ ಕೆಲಸ ಉಳಿಯೋದಿಲ್ಲ, ಕೈ ಮುಗಿದು ಮನೆಗೆ ಹೋಗಬಹುದು.

ಈಗ ನಮ್ಮ ಮಟ್ಟಕ್ಕೆ ಇಳಿಯೋಣ. ಸೊರಬದ ಕಡೆಯ ಒಬ್ಬ ಹುಡುಗ ಗ್ರಾಮ ಆಡಳಿತ ಅಧಿಕಾರಿ ಆಗಬೇಕು ಅಂತಾನೆ ಅನ್ನಿ, ಹಿಂದೆ ಗ್ರಾಮಲೆಕ್ಕಿಗ ಅಂತಿದ್ದರಲ್ಲ, ಅದು. ಒಳ್ಳೇ ಗುರಿ. ಶಾನುಭೋಗನ ಲೇಖನಿ ತೋಟಿಯ ಮೊಮ್ಮಗನ ಕೈಗೆ ಬಂದರೆ ಅದಕ್ಕಿಂತ ಏನು ಬೇಕು? ಆದರೆ ಅವನು ‘ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ಬಂದರೆ ಆಗುತ್ತೆ’ ಅಂದುಕೊಂಡು ಕೂತಿದ್ದಾನೆ. ಅದು ಹಳೇ ಕಾಲದ ಮಾತು. 2024ರಲ್ಲಿ ಆ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು, ಕಡ್ಡಾಯ ಕನ್ನಡ ಪತ್ರಿಕೆಯೂ ಇತ್ತು. ಅಣ್ಣ ಹೇಳಿದ, ಮಾವ ಹೇಳಿದ ಅಂತ ನಂಬಿ ಕೂರಬೇಡಿ. ಅಧಿಸೂಚನೆಯನ್ನ ನೀವೇ ಕೈಯಲ್ಲಿ ಹಿಡಿದು ಓದಿ. ಆಮೇಲೆ ಹಿಂದಕ್ಕೆ ಎಣಿಸಿ. ಪರೀಕ್ಷೆಗೆ ಏನೇನು ಓದಬೇಕು, ಅದಕ್ಕೆ ಎಷ್ಟು ತಿಂಗಳು ಬೇಕು, ಈ ತಿಂಗಳು ಯಾವ ಪುಸ್ತಕ, ಈ ವಾರ ಎಷ್ಟು ಪಾಠ, ಇವತ್ತು ರಾತ್ರಿ ಊಟ ಆದಮೇಲೆ ಏನು. ಇವತ್ತು ರಾತ್ರಿಗೆ ಏನೂ ಹೇಳದ ಗುರಿ ಗುರಿ ಅಲ್ಲ, ಆಸೆ.

ಇನ್ನೊಂದು, ಕಾಗದಪತ್ರ. ಬಹಳ ಮಂದಿ ಸೋಲೋದು ಪರೀಕ್ಷೆಯಲ್ಲಲ್ಲ, ಇಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತೆ, ಗೊತ್ತಿರೋದಿಲ್ಲ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಿರೋದಿಲ್ಲ, ವಿದ್ಯಾರ್ಥಿವೇತನ ಮಂಜೂರಾಗಿಯೂ ಕೈಗೆ ಬರೋದಿಲ್ಲ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. ಆವಾಗ ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿದ್ದರು. ಅದು ಯಾರ ಭಿಕ್ಷೆಯೂ ಅಲ್ಲ. ನಾಡಕಚೇರಿಯ ಕಿಟಕಿ ಮುಂದೆ ಕೈ ಕಟ್ಟಿ ನಿಲ್ಲಬೇಡಿ, ರಸೀತಿ ಕೇಳಿ ಇಸಿದುಕೊಳ್ಳಿ.

ಶುಂಠಿ ಕೀಳೋ ಕಾಲ, ಅಡಿಕೆ ಸುಲಿಯೋ ಕಾಲ ಬಂತು ಅಂದರೆ ಹಾಸ್ಟೆಲಿನ ಅರ್ಧ ಮಂಚ ಖಾಲಿ ಅಂತ ಹುಡುಗರೇ ಹೇಳ್ತಾರೆ. ಹೋಗಬೇಡಿ ಅಂತ ನಾವು ಹೇಳೋದಿಲ್ಲ. ಮನೆಯಲ್ಲಿ ಒಲೆ ಉರೀಬೇಕು. ಕನಸು ಕಾಣಿ, ಗುರಿ ಇಡಿ ಅಂತ ಹಾಸ್ಟೆಲಿಗೆ ಬಂದು ಭಾಷಣ ಮಾಡೋ ದೊಡ್ಡ ಮನುಷ್ಯರು ಬಸ್ ಚಾರ್ಜಿನ ಮಾತು ಆಡೋದಿಲ್ಲ, ಪಾಪ, ಅವರಿಗೆ ಕಾರಿದೆ. ನಾವು ಹೇಳೋದು ಇಷ್ಟೆ. ಕೂಲಿಯ ದಿನಗಳನ್ನೂ ಯೋಜನೆಯಲ್ಲಿ ಬರೆಯಿರಿ. ಎಷ್ಟು ದಿನ ಹೋಗ್ತೀನಿ, ಯಾವತ್ತು ವಾಪಸು ಬರ್ತೀನಿ, ಆ ದುಡ್ಡಿನಲ್ಲಿ ಮನೆಗೆಷ್ಟು, ಪರೀಕ್ಷೆ ಫೀಜಿಗೆಷ್ಟು. ಮೇಸ್ತ್ರಿಯ ಹತ್ತಿರ ಮುಂಗಡ ಮಾತ್ರ ತಗೋಬೇಡಿ. ಮುಂಗಡ ತಗೊಂಡವನ ನಾಳೆ ಮತ್ತೆ ಇನ್ನೊಬ್ಬನ ಕೈಗೆ ಹೋಯಿತು.

ಎಲ್ಲರೂ ಸರ್ಕಾರಿ ನೌಕರಿಯ ಹಿಂದೆ ಬೀಳಬೇಕು ಅಂತಲೂ ಇಲ್ಲ. ಹೊರಗುತ್ತಿಗೆ ಬಂದು ಕಾಯಂ ಕೆಲಸಗಳೇ ಕರಗುತ್ತಿವೆ. ವಕೀಲರು ಬೇಕು ನಮಗೆ. ಪಿಯುಸಿ ಆದಮೇಲೆ ಐದು ವರ್ಷ, ಡಿಗ್ರಿ ಆದಮೇಲೆ ಮೂರು ವರ್ಷ. ಮಂಜೂರಾದ ಜಮೀನು ಪರಭಾರೆ ಆಗಿದ್ದರೆ ಬಿಡಿಸಿಕೊಡೋ 1978ರ ಕಾಯ್ದೆ ಇದೆ. ಆದರೆ ಸಾಗರದ ಎ.ಸಿ. ಕಚೇರಿಗೆ ಅಲೆದು ಅಲೆದು ಮುದುಕರು ಸೋತುಹೋಗ್ತಾರೆ, ಜೊತೆಗೆ ನಿಲ್ಲೋ ನಮ್ಮ ಹುಡುಗ, ನಮ್ಮ ಹುಡುಗಿ ಇಲ್ಲ. ನರ್ಸುಗಳು ಬೇಕು, ಕರೆಂಟಿನ ಕೆಲಸ ಕಲಿತವರು ಬೇಕು, ಬರೆಯುವವರು ಬೇಕು. ಒಬ್ಬ ಓದಿ ಮೇಲೆ ಹೋದ, ಕೇರಿಗೆ ತಿರುಗಿ ನೋಡಲಿಲ್ಲ ಅನ್ನೋ ದೂರು ನಮ್ಮಲ್ಲಿ ಮೊದಲಿಂದ ಇದೆ. ಅದರಲ್ಲಿ ನಿಜವೂ ಇದೆ. ಆದರೆ ಓದುವಾಗಲೇ ಅವನ ಜೊತೆ ಯಾರೂ ನಿಲ್ಲದಿದ್ದರೆ ಆಮೇಲೆ ಅವನು ಯಾಕೆ ತಿರುಗಿ ನೋಡಬೇಕು ಅನ್ನೋದನ್ನೂ ಕೇಳಿಕೊಳ್ಳಿ. ಸಭೆ, ಮೆರವಣಿಗೆಗೆ ಬನ್ನಿ. ಪರೀಕ್ಷೆ ಬಿಟ್ಟು ಮಾತ್ರ ಬರಬೇಡಿ, ಅಂಥವರನ್ನ ನಾವೇ ವಾಪಸು ಕಳಿಸ್ತೀವಿ.

ಈಗ ಒಂದೊಂದು ಹಾಳೆ ಹಂಚ್ತೀವಿ. ಮೇಲೆ ಹೆಸರು ಬೇಡ. ಏನಾಗಬೇಕು, ಯಾವ ವರ್ಷದೊಳಗೆ, ಅದಕ್ಕೆ ಬೇಕಾದ ಕಾಗದಪತ್ರದಲ್ಲಿ ಯಾವುದು ಇದೆ, ಯಾವುದು ಇಲ್ಲ, ಈ ವಾರ ಏನು ಮಾಡ್ತೀರಿ, ಇಷ್ಟು ಬರೆಯಿರಿ. ಬರೆದ ಹಾಳೆ ನಿಮ್ಮ ಹತ್ತಿರವೇ ಇರಲಿ, ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿ. ನಿಮ್ಮ ಪಕ್ಕದಲ್ಲಿ ಕೂತವರಿಗೆ ಒಮ್ಮೆ ಓದಿ ಹೇಳಿ, ಅವರದನ್ನ ನೀವು ಕೇಳಿಸಿಕೊಳ್ಳಿ. ತಿಂಗಳು ಕಳೆದ ಮೇಲೆ ‘ಆ ಆದಾಯ ಪ್ರಮಾಣಪತ್ರ ಏನಾಯ್ತೋ?’ ಅಂತ ಕೇಳೋ ಜವಾಬ್ದಾರಿ ಅವರದು. ಪೆನ್ನು ಇಲ್ಲದವರು ಕೈ ಎತ್ತಿ. ಸೊರಬದ ಕೊನೆ ಬಸ್ಸಿಗೆ ಹೋಗೋರು ಮುಂದೆ ಬಂದು ಕೂತು ಮೊದಲು ಬರೆದು ಮುಗಿಸಿ.