ಅಪ್ಪಯ್ಯನ ಫಿಯೆಟ್ ಕಾರು

ನಿಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಕೆಟ್ಟು ನಿಂತ ಒಂದು ಯಂತ್ರ ಇದ್ದೇ ಇರುತ್ತದೆ. ಅದು ಹೊಲಿಗೆ ಯಂತ್ರವಿರಬಹುದು, ಗೋಡೆ ಗಡಿಯಾರವಿರಬಹುದು, ರೇಡಿಯೋ ಇರಬಹುದು. ಕುಂದಾಪುರದ ಹತ್ತಿರದ ನಮ್ಮ ಮನೆಯಲ್ಲಿ ಇದ್ದದ್ದು ಒಂದು ಕಾರು: 1968ರ ಮಾದರಿಯ ಫಿಯೆಟ್ 1100 ಡಿಲೈಟ್. ನಮ್ಮ ಅಪ್ಪಯ್ಯ 1979ರಲ್ಲಿ ಅದನ್ನು ಹಳೆಯದಾಗಿಯೇ ಕೊಂಡು, 1998ರವರೆಗೆ ಬಾಡಿಗೆಗೆ ಓಡಿಸಿದರು. ನನ್ನ ಕಾಲೇಜಿನ ಶುಲ್ಕ ಕಟ್ಟಿದ್ದು ಆ ಕಾರು. ಆಮೇಲೆ ಇಪ್ಪತ್ತೊಂದು ವರ್ಷ ಅದು ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. 2019ರ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅದನ್ನು ಮತ್ತೆ ಓಡಿಸಬೇಕೆಂದು ಹೊರಟೆವು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಆ ಕೆಲಸದಲ್ಲಿ ನಾನು ಕಲಿತದ್ದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಈ ಕಾರಿನ ಕುಲಗೋತ್ರ ನೋಡೋಣ. ಇದರ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲೇ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಇದಕ್ಕಾಗಿ ಅವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದರು. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಈ ಯೋಜನೆಯನ್ನು ಕೈಗೆತ್ತಿಕೊಂಡರು. ಆದರೆ ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ಏಳಲಿಲ್ಲ. ಅದೇ ವಾಲಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆರಂಭವಾಯಿತು. ಇಟಲಿಯ ಫಿಯೆಟ್ ಸಂಸ್ಥೆಯ ಪರವಾನಗಿಯಿಂದ ಅಲ್ಲಿ ತಯಾರಾದ 1100 ಡಿಲೈಟ್ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ಓಡಿದ ಆ ಪದ್ಮಿನಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು.

ಇನ್ನು ನಮ್ಮ ಕೊಟ್ಟಿಗೆಗೆ ಬರೋಣ. ಟಾರ್ಪಾಲು ಸರಿಸಿದಾಗ ಕಂಡ ನೋಟ ಧೈರ್ಯ ಕೊಡುವಂತಿರಲಿಲ್ಲ. ಇಲಿಗಳು ತಂತಿಗಳನ್ನು ಕಡಿದಿದ್ದವು. ಸೀಟಿನೊಳಗೆ ಗೂಡು ಕಟ್ಟಿದ್ದವು. ಚಾಲಕನ ಕಾಲ ಕೆಳಗಿನ ತಗಡು ತುಕ್ಕು ಹಿಡಿದು, ತೂತಿನಿಂದ ನೆಲ ಕಾಣುತ್ತಿತ್ತು. ಇಂಜಿನ್ ಮಿಸುಕುತ್ತಿರಲಿಲ್ಲ. ನಾನು ಹೊಸ ಬ್ಯಾಟರಿ ತಂದು ಸ್ಟಾರ್ಟ್ ಮಾಡಿ ನೋಡೋಣವೆಂದೆ. ಅಪ್ಪಯ್ಯ ಒಪ್ಪಲಿಲ್ಲ. "ಇಪ್ಪತ್ತು ವರ್ಷ ಮಲಗಿದ್ದವನನ್ನು ಎಬ್ಬಿಸಿ ಓಡು ಅಂದರೆ ಓಡುತ್ತಾನಾ ಮಗಳೇ?" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಸಿಲಿಂಡರಿನ ಒಳಗೋಡೆಗೆ ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಅಂಟಿಕೊಂಡಿರುವಾಗ ಬಲವಂತ ಮಾಡಿದರೆ ಉಂಗುರ ಮುರಿಯುತ್ತದೆ, ಗೋಡೆ ಗೀರುತ್ತದೆ. ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ಇಂಜಿನ್ ಎಣ್ಣೆಯ ಮಿಶ್ರಣ ಸುರಿದು ಕಾದೆವು. ಪ್ರತಿ ಸಂಜೆ ಒಂದು ಹಿಂಚಕ್ರವನ್ನು ಜ್ಯಾಕಿನಿಂದ ಎತ್ತಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಎತ್ತಿದ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುತ್ತಿದ್ದೆವು. ಒಂಬತ್ತನೆಯ ಸಂಜೆ ಅದು ಬೆರಳಗಲ ಅಲುಗಿತು.

ಆಮೇಲೆ ಬಿಚ್ಚುವ ಕೆಲಸ. ಬಿಚ್ಚುವುದು ಕಷ್ಟವಲ್ಲ, ಬಿಚ್ಚಿದ್ದು ಎಲ್ಲಿಯದೆಂದು ನೆನಪಿಡುವುದು ಕಷ್ಟ. ಅಪ್ಪಯ್ಯ ತೆಂಗಿನ ಗೆರಟೆಗಳನ್ನು ಸಾಲಾಗಿ ಇಟ್ಟು, ಒಂದೊಂದು ಭಾಗದ ಬೋಲ್ಟುಗಳನ್ನು ಒಂದೊಂದು ಗೆರಟೆಗೆ ಹಾಕುತ್ತಿದ್ದರು. ನಾನು ಒಂದು ನೋಟ್ ಪುಸ್ತಕದಲ್ಲಿ ಚಿತ್ರ ಬರೆದು, ತಂತಿಗಳ ಬಣ್ಣ ಮತ್ತು ಬಿಚ್ಚಿದ ಕ್ರಮವನ್ನು ಗುರುತು ಹಾಕುತ್ತಿದ್ದೆ. ನೀವು ಪ್ರಯೋಗಶಾಲೆಯಲ್ಲಿ ಬರೆಯುವ ದಾಖಲೆ ಪುಸ್ತಕಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಕೊನೆಗೆ ಜೋಡಿಸುವಾಗ ಆ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಸಾಕಾಗುತ್ತಿತ್ತು.

ಇಂಜಿನ್ನಿನ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಈ ಕಾರಿನ ಸಿಲಿಂಡರಿನ ವ್ಯಾಸ 68 ಮಿಲಿಮೀಟರ್, ಪಿಸ್ಟನ್ ಮೇಲಿನಿಂದ ಕೆಳಕ್ಕೆ ಸಾಗುವ ದೂರ 75 ಮಿಲಿಮೀಟರ್. ಸಿಲಿಂಡರಿನ ಗಾತ್ರದ ಸೂತ್ರ ನಿಮಗೆ ಗೊತ್ತಿದೆ. ಅದನ್ನು ನಾಲ್ಕರಿಂದ ಗುಣಿಸಿದರೆ ಸುಮಾರು 1089 ಘನ ಸೆಂಟಿಮೀಟರ್ ಬರುತ್ತದೆ. 1100 ಎಂಬ ಹೆಸರು ಬಂದದ್ದು ಅದರಿಂದಲೇ. ಹೀರುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಹಂತಗಳಲ್ಲಿ ಇಂಜಿನ್ನಿನ ದಂಡ ಎರಡು ಸುತ್ತು ತಿರುಗುತ್ತದೆ. ಹೀಗಾಗಿ ಎರಡು ಸುತ್ತಿಗೆ ಪ್ರತಿ ಸಿಲಿಂಡರಿನಲ್ಲೂ ಒಮ್ಮೆ ಕಿಡಿ ಹಾರುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ನಾಲ್ಕು ಸಿಲಿಂಡರಿಗೂ ಸೇರಿ ಸೆಕೆಂಡಿಗೆ ನೂರು ಕಿಡಿಗಳು ಬೇಕು. ಈ ನೂರು ಕಿಡಿಗಳಿಗೂ ಕಾರಣವಾಗುವುದು ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಒಂದು ಜೊತೆ ಪುಟ್ಟ ಪಾಯಿಂಟುಗಳು. ಅವು ತೆರೆದಾಗ ನಡುವೆ ಇರಬೇಕಾದ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ನಾನು ಫೀಲರ್ ಗೇಜಿನಿಂದ ಅಳೆದು ಹೊಂದಿಸುವ ಮೊದಲೇ ಅಪ್ಪಯ್ಯ ಕಣ್ಣಳತೆಯಲ್ಲಿ ಹೊಂದಿಸಿದ್ದರು. ಅಳೆದು ನೋಡಿದೆ, ತಿದ್ದುವುದೇನೂ ಉಳಿದಿರಲಿಲ್ಲ.

ತುಕ್ಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಕರಾವಳಿಯ ಗಾಳಿಯಲ್ಲಿ ಉಪ್ಪಿನಂಶ ಇರುವುದರಿಂದ ಆ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಚೌಕಟ್ಟು ಇಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಆದ್ದರಿಂದ ತಳದ ತುಕ್ಕು ಬರಿಯ ಅಂದದ ಪ್ರಶ್ನೆಯಲ್ಲ. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಖರ್ಚು ಉಳಿಯುತ್ತದೆಂದು ನನಗೂ ಆ ಆಸೆ ಹುಟ್ಟಿತ್ತು. ಅಪ್ಪಯ್ಯ ಸ್ಕ್ರೂಡ್ರೈವರಿನಿಂದ ತಗಡನ್ನು ಚುಚ್ಚುತ್ತಾ ಹೋದರು. ಗಟ್ಟಿ ತಗಡು ಸಿಗುವವರೆಗೂ ಸೀಮೆಸುಣ್ಣದಿಂದ ಗೆರೆ ಎಳೆದರು. ಊರಿನ ವೆಲ್ಡಿಂಗ್ ಅಂಗಡಿಯವರು ಆ ಗೆರೆಯಂತೆ ಹಳೆಯದನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಬೆಸೆದುಕೊಟ್ಟರು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಬರಬೇಕಾಗಿದ್ದ ಬಿಡಿಭಾಗಗಳು ನಿಂತುಹೋದವು. ನಮ್ಮ ಕೈಯಲ್ಲಿದ್ದ ಸಾಮಾನಿನಿಂದ ಮಾಡಬಹುದಾಗಿದ್ದದ್ದು ಬ್ರೇಕಿನ ಕೆಲಸ ಒಂದೇ. ಆಗ ನಡೆದ ಒಂದು ಘಟನೆಯನ್ನು ನಿಮಗೆ ಹೇಳಲೇಬೇಕು.

ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವನ್ನು ನೀವು ಓದಿದ್ದೀರಿ. ಬ್ರೇಕ್ ಪೆಡಲ್ ತುಳಿದಾಗ ಆ ಒತ್ತಡ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹೋಗಿ, ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಆದರೆ ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿದ್ದರೆ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಹೀಗಾಗಿ ಗಾಳಿಯನ್ನು ಹೊರತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಮತ್ತೆ ಒಳಗೆ ಸೇರುತ್ತದೆ.

ಅಪ್ಪಯ್ಯ ಸೀಟಿನಲ್ಲಿ ಕುಳಿತರು, ನಾನು ಚಕ್ರದ ಬಳಿ ಮಲಗಿದೆ. "ಒತ್ತಿ", "ಬಿಡಿ" ಎಂದು ಕೂಗುತ್ತಾ ನಾಲ್ಕೂ ಚಕ್ರಗಳನ್ನು ಮುಗಿಸಿದೆವು. ಕೊನೆಗೆ ತುಳಿದು ನೋಡಿದಾಗ ಪೆಡಲ್ ಸ್ವಲ್ಪ ಮೆತ್ತಗಿತ್ತು. ಅದು ನನಗೆ ಗೊತ್ತಾಯಿತು. ಆದರೂ ಅಂಗಳದಲ್ಲಿ ಒಂದು ಸುತ್ತು ಹೋಗುವ ಆತುರ. ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಪೆಡಲ್ ನೆಲಕ್ಕೇ ಹೋಯಿತು. ಗಾಡಿ ನಿಲ್ಲಲಿಲ್ಲ. ಅಪ್ಪಯ್ಯ ಕೈಬ್ರೇಕ್ ಎಳೆದರು. ಕಾರು ಹುಲ್ಲಿನ ಕುತ್ರಿಗೆ ತಾಗಿ ನಿಂತಿತು. ಹತ್ತು ಹೆಜ್ಜೆ ಆಚೆಗೆ ಬಾವಿ ಇತ್ತು.

ನನ್ನ ಕೈ ನಡುಗುತ್ತಿತ್ತು. ಹೆದರಿಕೆ ಸಿಟ್ಟಾಗಿ ಹೊರಬಂತು. "ನಾನು ಬಿಡಿ ಅನ್ನುವ ಮೊದಲೇ ಯಾಕೆ ಬಿಟ್ಟಿರಿ ಅಪ್ಪಯ್ಯ?" ಎಂದು ಗದರಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ ಮಗಳೇ. ಅಂದಾಜಿನ ಮೇಲೆ ಬಿಡುತ್ತಿದ್ದೆ" ಎಂದರು. ಎರಡು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂದಿದ್ದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ನಾನೂ ಗಮನಿಸಿರಲಿಲ್ಲ. ಮೆತ್ತಗಿದ್ದ ಪೆಡಲನ್ನು ಲೆಕ್ಕಿಸದೆ ಗಾಡಿ ಹೊರಡಿಸಿದ ತಪ್ಪು ಮಾತ್ರ ನನ್ನದೇ.

ಮರುದಿನ ಉಪಾಯ ಹೇಳಿದವರೂ ಅವರೇ. ಅವರು ಅಂಗೈಯನ್ನು ಬಾಗಿಲ ಕಂಬಕ್ಕೆ ಒತ್ತಿ ಹಿಡಿದರು. ನಾನು ಸ್ಪ್ಯಾನರಿನಿಂದ ಗಾಡಿಯ ಮೈಗೆ ಒಂದು ಸಲ ಬಡಿದರೆ ಒತ್ತಬೇಕು, ಎರಡು ಸಲ ಬಡಿದರೆ ಬಿಡಬೇಕು. ಶಬ್ದವೆಂದರೆ ಕಂಪನ ಎಂದು ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೆ; ಅದನ್ನು ಕೈಯಿಂದ ಕೇಳಬಹುದೆಂದು ತೋರಿಸಿದವರು ಅವರು. ಆ ದಿನ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ದಿನಕ್ಕೊಮ್ಮೆ ಪರೀಕ್ಷಿಸುತ್ತಾ ವಾರವಿಡೀ ಅದು ಹಾಗೆಯೇ ಇದೆಯೆಂದು ಖಚಿತವಾದ ಮೇಲೆಯೇ ಗಾಡಿಯನ್ನು ಅಲುಗಿಸಿದೆವು.

ಇಂಜಿನ್ ಓಡತೊಡಗಿದ ಮೇಲೆ ಟ್ಯಾಪೆಟ್‌ಗಳ ಸದ್ದು ಕೇಳಿ ತಿದ್ದುವ ಕೆಲಸ ಉಳಿದಿತ್ತು. ಕವಾಟದ ಅಂತರ ಹೆಚ್ಚಾದರೆ ಟಿಕ್ ಟಿಕ್ ಎನ್ನುತ್ತದೆ. ತೀರ ಕಡಿಮೆಯಾದರೆ ಸದ್ದಿಲ್ಲದೆ ಕವಾಟ ಸುಟ್ಟುಹೋಗುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹತ್ತಿರ ಒತ್ತಿದರೆ ಯಾವ ಸಿಲಿಂಡರಿನ ಸದ್ದೆಂದು ತಿಳಿಯುತ್ತದೆ. ಅಪ್ಪಯ್ಯ ಇದರಲ್ಲಿ ಇಡೀ ಊರಿಗೇ ಹೆಸರಾದವರು. ಆ ದಿನ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡು, ಒಂದು ಕ್ಷಣ ನೋಡಿ, ನನ್ನ ಕೈಗೆ ಕೊಟ್ಟರು. "ಇನ್ನು ನೀನು ಕೇಳು, ನಾನು ಹೇಳುತ್ತೇನೆ" ಎಂದರು. ನನಗೆ ಮೊದಲು ಎಲ್ಲವೂ ಒಂದೇ ಗದ್ದಲವಾಗಿ ಕೇಳಿಸಿತು. ಅವರು ಇಂಜಿನ್ನಿನ ಪಕ್ಕಕ್ಕೆ ಕೈಯಿಟ್ಟು, "ಮೂರನೆಯದರ ಹತ್ತಿರ ಹೋಗು, ಒಂದು ಪೆಟ್ಟು ಬೇರೆ ತರ ಇರಬೇಕು" ಎಂದರು. ನಾಲ್ಕು ದಿನಗಳ ಅಭ್ಯಾಸದ ನಂತರ ಆ ಪೆಟ್ಟು ನನಗೆ ಬೇರೆಯಾಗಿ ಕೇಳಿಸಿತು. ಇಂಜಿನ್ ತಣಿದ ಮೇಲೆ ಅಳೆದು ನೋಡಿದರೆ ಅಂತರ ಹೆಚ್ಚಾಗಿದ್ದದ್ದು ಅಲ್ಲಿಯೇ.

ಇಂಥ ಕೆಲಸಕ್ಕೆ ಕೈಹಾಕಬೇಕೆನ್ನುವವರಿಗೆ ಕೆಲವು ಎಚ್ಚರಿಕೆಯ ಮಾತುಗಳು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ. ಹಳೆಯ ಬ್ರೇಕ್ ಶೂಗಳ ಧೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಅಪಾಯ. ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ಬದಲಾಯಿಸಿ. ದಾಖಲೆಗಳನ್ನು ಸರಿಯಾಗಿಡಿ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ವಿಂಟೇಜ್ ಎಂದು ಪ್ರತ್ಯೇಕ ನೋಂದಣಿ ಮಾಡಿಸಲು 2021ರ ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

2021ರ ಜನವರಿಯ ಒಂದು ಬೆಳಿಗ್ಗೆ ನಾವು ಮರವಂತೆಯವರೆಗೆ ಹೋಗಿಬಂದೆವು. ಅಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ದಾರಿಯುದ್ದಕ್ಕೂ ಅಪ್ಪಯ್ಯ ಮಾತಾಡಲಿಲ್ಲ. ಅಂಗೈಯನ್ನು ಬಾಗಿಲಿಗೆ ಒತ್ತಿ ಕುಳಿತಿದ್ದರು. ಮನೆಗೆ ಬಂದು ಇಳಿದ ಮೇಲೆ, "ನಾಲ್ಕೂ ಸಮ ಇದೆ" ಎಂದಷ್ಟೇ ಹೇಳಿದರು.

ವಿದ್ಯಾರ್ಥಿ ಮಿತ್ರರೇ, ಎಲ್ಲರೂ ಹಳೆಯ ಕಾರು ಹುಡುಕಿಕೊಂಡು ಹೋಗಬೇಕೆಂದು ನಾನು ಹೇಳುತ್ತಿಲ್ಲ. ತುಕ್ಕು ಹಿಡಿದ ತಗಡಿನ ಬದಲು ಬೇರೆ ತಗಡು ಸಿಗುತ್ತದೆ. ಆದರೆ ಆ ಯಂತ್ರವನ್ನು ಬಲ್ಲವರ ಕಿವಿ, ಕಣ್ಣು, ಕೈಗಳಲ್ಲಿರುವ ತಿಳಿವಳಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಜೊತೆಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ದಕ್ಕುತ್ತದೆ. ಅದಕ್ಕೆ ಸಮಯದ ಮಿತಿಯೂ ಇದೆ. ನಾನು ಇನ್ನೂ ಐದು ವರ್ಷ ಬಿಟ್ಟು ಶುರು ಮಾಡಿದ್ದರೆ ಆ ಸ್ಕ್ರೂಡ್ರೈವರ್ ನನ್ನ ಕೈಗೆ ಬರುತ್ತಿತ್ತೋ ಇಲ್ಲವೋ. ನಿಮ್ಮ ಮನೆಯಲ್ಲಿ ಅಜ್ಜಿಯ ಹೊಲಿಗೆ ಯಂತ್ರ ಕೆಟ್ಟು ನಿಂತಿದ್ದರೆ ಈ ರಜೆಯಲ್ಲಿ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿ ನೋಡಿ. ಕೈಯಲ್ಲೊಂದು ನೋಟ್ ಪುಸ್ತಕ ಇರಲಿ. ಅವರು ಹೇಳುವುದನ್ನು ಬರೆದುಕೊಳ್ಳಿ. ನೀವು ಹೇಳುವುದು ಅವರಿಗೆ ಕೇಳಿಸುತ್ತಿದೆಯೇ ಎಂದೂ ಒಮ್ಮೆ ಗಮನಿಸಿ.