ಅಜ್ಜಿ ಮನೆ ಗೋಡೆ ಮೇಲಿನ ಕಾರು ಯಾವುದು?

ಇವತ್ತಿನ ಎಪಿಸೋಡ್ ರೆಕಾರ್ಡ್ ಮಾಡ್ತಿರೋದು ಬಂಗಾರಪೇಟೆಯ ನಮ್ಮ ಅಜ್ಜಿ ಮನೆಯಿಂದ. ಹಿಂದೆ ರೈಲಿನ ಹಾರನ್ ಕೇಳಿಸಿದ್ರೆ ಕ್ಷಮಿಸಿ. ಸ್ಟೇಷನ್ ಹತ್ತಿರಾನೇ ಇದೆ, ಎಷ್ಟು ಅಂತ ಎಡಿಟ್ ಮಾಡೋದು!

ಕೆಜಿಎಫ್ ಕಡೆಯವನು ಅಂದ ತಕ್ಷಣ ಬೆಂಗಳೂರಿನ ಫ್ರೆಂಡ್ಸ್ ಸಿನಿಮಾ ಡೈಲಾಗ್ ಹೊಡೀತಾರೆ. ಬಂಗಾರಪೇಟೆ ಅಂದ್ರೆ ಪಾನಿಪುರಿ ಕೇಳ್ತಾರೆ. ಇವತ್ತು ಅದೆರಡೂ ಅಲ್ಲ. ಒಂದು ಹಳೇ ಫೋಟೊ, ಅದರಲ್ಲಿ ಒಂದು ಕಾರು, ಕಾರಿನ ಪಕ್ಕ ಒಬ್ಬ ಮನುಷ್ಯ.

ಆ ಮನುಷ್ಯ ಅಜ್ಜಿಯ ಅಪ್ಪ ಅಂತ ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದೀವಿ. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಒಳಗಿಳಿದು ಕೆಲಸ ಮಾಡ್ತಿದ್ದರು. ಆ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ಮೇಲಿನ ಒತ್ತಡಕ್ಕೆ ಇದ್ದಕ್ಕಿದ್ದಂತೆ ಸಿಡಿಯುತ್ತೆ. ರಾಕ್ ಬರ್ಸ್ಟ್ ಅಂತಾರೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡಿದ್ರೆ ಹೆಂಗಸರು ಶಾಫ್ಟ್ ಕಡೆಗೆ ಓಡ್ತಿದ್ದರಂತೆ. 1948ರ ಮಾರ್ಚ್‌ನಲ್ಲಿ ಹಾಗೇ ಒಂದು ದಿನ ಅವರು ಮೇಲೆ ಬರಲಿಲ್ಲ. ಅಜ್ಜಿಗೆ ಆಗ ನಾಲ್ಕು ವರ್ಷ. ಅಪ್ಪನ ಮುಖ ನೆನಪಿಲ್ಲ. ಅವರಮ್ಮ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಈ ಫೋಟೊ ಸಿಕ್ತು. ಕಟ್ಟು ಹಾಕಿಸಿ, ಹಾರ ಹಾಕಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಅದರ ಮುಂದೇನೇ ಎಡೆ ಇಡೋದು.

ಹೋದ ಚಳಿಗಾಲದಲ್ಲಿ ಫೋಟೊಗೆ ಹುಳ ಹಿಡಿದಿತ್ತು. ಸ್ಕ್ಯಾನ್ ಮಾಡಿಡೋಣ ಅಂತ ಗಾಜು ಬಿಚ್ಚಿದೆ. ನಮ್ಮ ಮಾವನ ಮಗ ಕೇಳಿದ, ‘ಯಾವ ಕಾರೋ ಇದು?’ ಶುರುವಾಯ್ತು ನೋಡಿ. ಮಾವ ‘ರೋಲ್ಸ್ ರಾಯ್ಸ್, ಸಾಹೇಬರದ್ದು’ ಅಂದರು. ಚಿಕ್ಕಪ್ಪ ‘ಬೇಬಿ ಆಸ್ಟಿನ್’ ಅಂದರು. ಫೋನಿನ ಆ್ಯಪ್ ಒಂದು ಸಲ ಅಂಬಾಸಿಡರ್ ಅಂತು, ಫೋಟೊನ ಸ್ವಲ್ಪ ಕ್ರಾಪ್ ಮಾಡಿ ಕೊಟ್ಟರೆ ಬೀಟಲ್ ಅಂತು.

ನಾನು ಬಿ.ಕಾಂ ಓದಿದವನು. ಒಂದು ವರ್ಷ ಆಡಿಟ್ ಆಫೀಸಲ್ಲಿ ಮಣ್ಣು ಹೊತ್ತಿದ್ದೀನಿ. ಅಲ್ಲಿ ಕಲಿತಿದ್ದು ಒಂದೇ, ವೋಚರ್ ಇಲ್ಲದ ಎಂಟ್ರಿ ನಂಬಬೇಡ. ಸರಿ, ಒಂದೊಂದಾಗಿ ಹೊಡೆದು ಹಾಕೋಣ ಅಂತ ಕೂತೆ.

ರೋಲ್ಸ್ ರಾಯ್ಸ್ ಮೊದಲೇ ಔಟ್. ಅದರ ಗ್ರಿಲ್ ಗ್ರೀಕ್ ದೇವಸ್ಥಾನದ ಮುಂಭಾಗದ ಹಾಗೆ, ಕಂಬ ನಿಲ್ಲಿಸಿದಂತೆ ನೆಟ್ಟಗಿರುತ್ತೆ. ನಮ್ಮ ಫೋಟೊದಲ್ಲಿರೋ ಕಾರಿನ ಮೂತಿ ಗುಂಡಗಿದೆ. ಬೇಬಿ ಆಸ್ಟಿನ್, ಅಂದ್ರೆ ಆಸ್ಟಿನ್ ಸೆವೆನ್, 1922ರಿಂದ 1939ರವರೆಗೆ ಬಂದ ಕಾರು. ಆ ಕಾಲದ ಕಾರುಗಳಲ್ಲಿ ಮಡ್‌ಗಾರ್ಡ್ ಬೇರೆ, ಬಾಡಿ ಬೇರೆ. ಹೆಡ್‌ಲೈಟ್‌ಗಳು ಹೊರಗೆ ಸಿಕ್ಕಿಸಿದ ಬಟ್ಟಲಿನ ಹಾಗೆ ನಿಂತಿರ್ತವೆ. ಬಾಗಿಲ ಕೆಳಗೆ ಕಾಲಿಡೋ ಪಟ್ಟಿ ಇರುತ್ತೆ. ನಿಮ್ಮ ಮನೆ ಫೋಟೊದಲ್ಲಿ ಇವೆಲ್ಲ ಕಂಡ್ರೆ ಹೆಚ್ಚುಕಮ್ಮಿ ಯುದ್ಧಕ್ಕಿಂತ ಹಿಂದಿನ ಗಾಡಿ ಅಂತ ಹಿಡೀಬಹುದು. ನಮ್ಮದರಲ್ಲಿ ಲೈಟು ಮಡ್‌ಗಾರ್ಡ್ ಒಳಗೇ ಕೂತಿದೆ. ಇನ್ನು ಬೀಟಲ್‌ಗೆ ಎಂಜಿನ್ ಹಿಂದೆ, ಹಾಗಾಗಿ ಮುಂದೆ ಗ್ರಿಲ್ಲೇ ಇರಲ್ಲ. ಅಂಬಾಸಿಡರ್ ಇದಕ್ಕಿಂತ ತುಂಬಾ ದೊಡ್ಡದು, ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರ ನೋಡಿದ್ರೇ ಗೊತ್ತಾಗುತ್ತೆ.

ಇಷ್ಟರಲ್ಲಿ ನಂಬರ್ ಪ್ಲೇಟ್ ನೋಡಿದೆ. ಮೊದಲ ಎರಡು ಅಕ್ಷರ ಎಂವೈ, ಹಳೇ ಮೈಸೂರು ರಾಜ್ಯದ್ದು. ಮೂರನೇದು ಅವರ ಮೊಣಕಾಲಿನ ಹಿಂದೆ ಮುಚ್ಚಿಹೋಗಿದೆ. ಈಗ ನಾವು ನೋಡೋ ಕೆಎ 08, ಅಂದ್ರೆ ಕೆಜಿಎಫ್ ನಂಬರು, ಎಲ್ಲ ಬಂದಿದ್ದು 1989ರ ಈಚೆಗೆ.

ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಮೇಸ್ತ್ರಿ ಅಂತಾರೆ. ಫೋನಲ್ಲಿ ಫೋಟೊ ತೋರಿಸಿದೆ. ಎರಡು ಸೆಕೆಂಡ್ ಕೂಡ ನೋಡಲಿಲ್ಲ. ‘ಮೈನರ್, ತಂಬಿ. ಬಾನೆಟ್ ನಡುವೆ ಪಟ್ಟಿ ಇದೆಯಾ ನೋಡು’ ಅಂದರು. ಝೂಮ್ ಮಾಡಿದ್ರೆ, ಹೌದು, ಬಾನೆಟ್ ಮಧ್ಯೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ.

ಆ ಪಟ್ಟಿಗೆ ಒಂದು ಕಥೆ ಇದೆ. ಮಾರಿಸ್ ಮೈನರ್ ಡಿಸೈನ್ ಮಾಡಿದ್ದು ಅಲೆಕ್ ಇಸಿಗೋನಿಸ್, ಮುಂದೆ 1959ರಲ್ಲಿ ಬಂದ ಮಿನಿ ಕಾರು ಕೂಡ ಅವರದ್ದೇ. ಮಾದರಿ ಕಾರು ತಯಾರಾದ ಮೇಲೆ ಇದು ತೀರಾ ಕಿರಿದಾಯ್ತು ಅನಿಸಿ, ಕಾರನ್ನ ಉದ್ದುದ್ದ ಎರಡು ಸೀಳು ಮಾಡಿಸಿ, ದೂರ ಸರಿಸಿ ನೋಡಿ, 4 ಇಂಚು ಅಗಲ ಮಾಡಿಸಿದರು. ಆ 4 ಇಂಚಿನ ಗುರುತು ಬಾನೆಟ್ ಮೇಲೆ ಹಾಗೇ ಉಳೀತು. ಟೈಲರ್ ಬಟ್ಟೆ ಬಿಗಿಯಾದ್ರೆ ನಡುವೆ ಪಟ್ಟಿ ಕೊಡ್ತಾನಲ್ಲ, ಥೇಟ್ ಹಂಗೇ. ಇದೇ ಮೈನರನ್ನ ನಮ್ಮ ಹಿಂದೂಸ್ತಾನ್ ಮೋಟಾರ್ಸ್ ‘ಬೇಬಿ ಹಿಂದೂಸ್ತಾನ್’ ಅಂತ ಮಾಡ್ತಿತ್ತು. ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್‌ನಿಂದ. ಒಂದೇ ಮನೆತನ. ಹಾಗಾಗಿ ಆ್ಯಪ್ ಪೂರ್ತಿ ದಡ್ಡ ಅಂತಾನೂ ಹೇಳೋಕಾಗಲ್ಲ.

ನನಗೋ ಖುಷಿಯೋ ಖುಷಿ. ಸಂಜೆ ರೈಲಲ್ಲಿ ವಾಪಸ್ ಬರ್ತಾ, ನಿಂತುಕೊಂಡೇ, ಯಾವ ವರ್ಷದ ಮೈನರ್ ಅಂತ ಹುಡುಕ್ತಾ ಇದ್ದೆ. ಮುಂದಿನ ಗಾಜು ಎರಡು ತುಂಡು, ನಡುವೆ ಕಡ್ಡಿ. ಇದು 1956ರವರೆಗೆ ಮಾತ್ರ, ಆಮೇಲೆ ಮೈನರ್ 1000 ಬಂತು, ಅದಕ್ಕೆ ಒಂದೇ ಗಾಜು. ಹೆಡ್‌ಲೈಟ್ ಮಡ್‌ಗಾರ್ಡ್ ಮೇಲಿದೆ. ಮೊದಲ ಮೈನರ್‌ಗಳಲ್ಲಿ ಲೈಟು ಕೆಳಗೆ, ಗ್ರಿಲ್ಲಿನ ಅಕ್ಕಪಕ್ಕ ಇತ್ತು. ಅಮೆರಿಕದ ಕಾನೂನಿಗೆ ಆ ಎತ್ತರ ಸಾಲದು ಅಂತ ಮೇಲಕ್ಕೆ ಏರಿಸಿದರು, 1951ರ ಹೊತ್ತಿಗೆ ಎಲ್ಲ ಮೈನರ್‌ಗಳಲ್ಲೂ ಹಾಗೇ ಆಯ್ತು. ಗ್ರಿಲ್ಲಿನಲ್ಲಿ ದಪ್ಪ ಅಡ್ಡಪಟ್ಟಿಗಳಿವೆ. ಅದು ಬಂದಿದ್ದು 1954ರ ಅಕ್ಟೋಬರ್‌ನಲ್ಲಿ. ಅಂದ್ರೆ ಕಾರು 1954ರಿಂದ 1956ರ ನಡುವಿನದು. ನಮ್ಮ ದೇಶದಲ್ಲಿ ಹಳೇ ಮಾಡೆಲ್ ಇನ್ನೂ ಒಂದೆರಡು ವರ್ಷ ಓಡಿರಬಹುದು. ಲೇಟಾಗಿ ಬರಬಹುದು, ಮುಂಚೆ ಬರೋಕೆ ಸಾಧ್ಯವೇ ಇಲ್ಲ.

ಕೋರಮಂಡಲ್ ಸ್ಟೇಷನ್ ದಾಟಿತ್ತು ಅನಿಸುತ್ತೆ. ಆಗ ತಲೆಗೆ ಹೊಳೀತು.

ಈ ಮಾದರಿಯ ಮಾರಿಸ್ ಮೈನರ್ ಕಾರನ್ನ ಲಂಡನ್ನಿನಲ್ಲಿ ಮೊದಲ ಸಲ ಜನರಿಗೆ ತೋರಿಸಿದ್ದೇ 1948ರ ಅಕ್ಟೋಬರ್‌ನಲ್ಲಿ. ಅಜ್ಜಿಯ ಅಪ್ಪ ಹೋಗಿದ್ದು ಅದೇ ವರ್ಷ ಮಾರ್ಚ್. ಲೈಟು, ಗ್ರಿಲ್ಲು ಎಲ್ಲ ಬಿಡಿ, ಈ ಕಾರಿನ ಪಕ್ಕ ಅವರು ನಿಲ್ಲೋಕೇ ಆಗಲ್ಲ.

ಮನೆಗೆ ಬಂದವನೇ ಟ್ರಂಕ್ ತೆಗೆದೆ. ತಾರೀಖು ತಪ್ಪಿರಲಿ ದೇವರೇ ಅಂದುಕೊಂಡೆ. ಪರಿಹಾರದ ಹಣಕ್ಕೆ ಹೆಬ್ಬೆಟ್ಟು ಒತ್ತಿದ ಕಾಗದ ಇತ್ತು. 1948 ಅಂತಲೇ ಇತ್ತು. ಮತ್ತೆ ಫೋಟೊ ನೋಡಿದೆ. ಇಷ್ಟು ದಿನ ಕಾರು ನೋಡ್ತಿದ್ದೆ, ಮನುಷ್ಯನನ್ನ ಸರಿಯಾಗಿ ನೋಡಿರಲೇ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಟೋಪಿ, ಬಾನೆಟ್ ಮೇಲೆ ಸಲುಗೆಯಿಂದ ಇಟ್ಟ ಕೈ. ಅದು ಡ್ರೈವರ್ ನಿಲ್ಲೋ ರೀತಿ. ಅಜ್ಜಿಯ ಚಿಕ್ಕಪ್ಪ, ಅಂದ್ರೆ ಅವರಪ್ಪನ ತಮ್ಮ, ಒಬ್ಬರು ಡಾಕ್ಟರ್ ಹತ್ತಿರ ಡ್ರೈವರ್ ಆಗಿದ್ದರು.

ಹತ್ತು ದಿನ ಹೇಳಲಿಲ್ಲ. ಹೇಳೋದೇ ಬೇಡ ಅಂತ ಅಮ್ಮ ಅಂದರು, ‘ಎಂಬತ್ತು ದಾಟಿದೆ, ಆ ವಯಸ್ಸಲ್ಲಿ ಯಾಕೋ ಅದೆಲ್ಲ?’ ಅಂತ. ಅಮ್ಮನ ಮಾತು ತಪ್ಪು ಅಂತ ನನಗೆ ಈಗಲೂ ಅನಿಸಿಲ್ಲ. ಆದ್ರೆ ಅಜ್ಜಿನೇ ದಿನಾ ಕೇಳ್ತಿದ್ದರು, ‘ನಮ್ಮಪ್ಪನ ಕಾರು ಯಾವುದೂಂತ ಗೊತ್ತಾಯ್ತೇನೋ?’ ಎಷ್ಟು ದಿನ ಸುಳ್ಳು ಹೇಳೋದು?

ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸ್ತಾ ಕೂತಿದ್ದರು. ನಾನೂ ಕೂತೆ. ಗಾಜು, ಲೈಟು, ಗ್ರಿಲ್ಲು ಅಂತ ಸುತ್ತಿ ಬಳಸಿ ಹೇಳ್ತಾ ಹೋದೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

‘ಚಿಕ್ಕಪ್ಪನಾ?’

‘ಹೂಂ ಅಜ್ಜಿ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, ‘ಆ ಕಾರಲ್ಲಿ ನನ್ನ ಒಂದ್ಸಲ ಕೂರಿಸ್ಕೊಂಡು ಉರಿಗಾಂವರೆಗೂ ಹೋಗಿದ್ದ. ಪೆಟ್ರೋಲ್ ವಾಸನೆಗೆ ಹೊಟ್ಟೆ ತೊಳಸಿ ಸೀಟೆಲ್ಲ ವಾಂತಿ ಮಾಡಿದ್ದೆ. ಡಾಕ್ಟರು ಬೈತಾರೆ ಅಂತ ಕೆರೆ ಹತ್ರ ನಿಲ್ಲಿಸಿ ತೊಳೆದ, ಪಾಪ. ನನ್ನ ಮದುವೆ ಮಾಡಿಸಿದ್ದೂ ಅವನೇ.’

ಇನ್ನೊಂದು ಹಿಡಿ ಕಾಯಿ ತಗೊಂಡರು. ‘ಅಂದ್ರೆ ನಮ್ಮಪ್ಪ ಹೆಂಗಿದ್ದ ಅಂತ ನಂಗೆ ಗೊತ್ತೇ ಇಲ್ಲ ಅಂತಾಯ್ತು.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಟೊ ತೆಗೆದಿಡಲಾ ಅಂತ ಕೇಳಿದೆ. ‘ಯಾಕೆ ತೆಗೀತೀಯ? ಚಿಕ್ಕಪ್ಪ ಹೋಗಿಲ್ವಾ? ಇರ್ಲಿ ಹಾರ. ನೀನು ನಮ್ಮಪ್ಪನ್ನ ಹುಡುಕು’ ಅಂದರು.

ಈ ಫೋಟೊ ವಿಷಯ ಹೇಳಿದಾಗ ಕೆಲವರು ಆ ಕಾರು ಈಗ ಎಲ್ಲಿದೆ, ಎಷ್ಟು ಲಕ್ಷ ಸಿಗುತ್ತೆ ಅಂತ ಕೇಳಿದರು. ಗೊತ್ತಿಲ್ಲ, ಗುಜರಿಗೆ ಹೋಗಿರುತ್ತೆ. ಪ್ರಪಂಚದಲ್ಲಿ 16 ಲಕ್ಷ ಮೈನರ್ ತಯಾರಾಗಿವೆ, ಅಂಥಾ ಅಪರೂಪದ್ದೇನಲ್ಲ. ನಿಮ್ಮ ಮನೇಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿ ಇದ್ರೆ ಮಾತ್ರ, 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಂತ ಬರುತ್ತೆ, ಶುಲ್ಕ 20,000 ರೂಪಾಯಿ.

ನನಗೆ ಬೇಕಾಗಿರೋದು ಬೇರೆ. ಕೆಜಿಎಫ್, ಬಂಗಾರಪೇಟೆ, ಆಂಡರ್ಸನ್‌ಪೇಟೆ ಕಡೆ ಯಾರ ಮನೇಲಾದ್ರೂ 1948ಕ್ಕಿಂತ ಹಿಂದಿನ ಗಣಿ ಕೆಲಸಗಾರರ ಗುಂಪು ಫೋಟೊ ಇದ್ರೆ, ಶಿಫ್ಟ್ ಫೋಟೊ, ಹಬ್ಬದ ಫೋಟೊ, ಫುಟ್‌ಬಾಲ್ ಟೀಮು, ಏನೇ ಆಗಲಿ, ಈ ಎಪಿಸೋಡ್ ಕೆಳಗೆ ಕಾಮೆಂಟ್ ಹಾಕಿ. ನಾನೇ ಬಂದು ನೋಡ್ತೀನಿ, ಫೋಟೊ ನಿಮ್ಮ ಹತ್ರಾನೇ ಇರಲಿ. ಮತ್ತೆ ಫೋನಲ್ಲಿ ತೆಗೆಯುವಾಗ ಅಂಚು ಕ್ರಾಪ್ ಮಾಡಬೇಡಿ, ಹಿಂಭಾಗನೂ ಒಂದು ತೆಗೀರಿ. ಸ್ಟುಡಿಯೋ ಸೀಲು, ಪೆನ್ಸಿಲಲ್ಲಿ ಬರೆದ ಹೆಸರು ಇರೋದು ಅಲ್ಲೇ.